ಬೇಳೆ ಸಾರು ಮಾಡುತ್ತಾ ‘ನಾನು’ ಎಂಬುದನ್ನು ಗಮನಿಸುವುದು ಹೇಗೆ: ಒಂದು ಊಟದ ಸಮಗ್ರ ಮಾರ್ಗದರ್ಶಿ

ಕಣ್ಣು ಮುಚ್ಚಿ ಕೂತು ‘ನಾನು ಯಾರು?’ ಅಂತ ಕೇಳಿಕೊಳ್ಳುವುದು ತುಂಬಾ ಜನರಿಗೆ ಕಷ್ಟ. ಸ್ವಲ್ಪ ಹೊತ್ತಿಗೆ ಕಾಲು ಜೋಮು ಹಿಡಿಯುತ್ತದೆ, ಇಲ್ಲವೇ ತೂಕಡಿಕೆ ಬರುತ್ತದೆ. ಅಡುಗೆಮನೆಯಲ್ಲಿ ಹಾಗಾಗುವುದಿಲ್ಲ. ಅಲ್ಲಿ ಕೈಗೆ ಕೆಲಸ ಇರುತ್ತದೆ. ಮೂಗು, ನಾಲಿಗೆ, ಕಿವಿ ಎಲ್ಲವೂ ಎಚ್ಚರವಾಗಿರುತ್ತವೆ. ಗಮನ ತಪ್ಪಿದರೆ ಒಗ್ಗರಣೆ ಸೀದು ಹೋಗುತ್ತದೆ, ಅದು ಆಗಲೇ ಗೊತ್ತಾಗುತ್ತದೆ. ಮನಸ್ಸನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಅಡುಗೆ ಮಾಡುವಾಗ ಅರಿವು ಶುರುವಿನಿಂದ ಕೊನೆಯವರೆಗೂ ಇರುತ್ತದೆ. ವಾಸನೆ ಗೊತ್ತಾಗುತ್ತದೆ, ಬಿಸಿ ಗೊತ್ತಾಗುತ್ತದೆ, ವಿಷಲ್ ಕೇಳಿಸುತ್ತದೆ. ಆದರೆ ‘ನಾನು ಮಾಡುತ್ತಿದ್ದೇನೆ’ ಎಂಬ ಭಾವ ಮಾತ್ರ ಬಂದು ಬಂದು ಹೋಗುತ್ತದೆ. ಅದು ಯಾವಾಗ ಬಂತು, ಯಾವಾಗ ಹೋಯಿತು ಎಂದು ನೋಡಬಹುದು. ನೋಡುವುದನ್ನು ಕಲಿಯಬಹುದು. ಅದಕ್ಕೇ ಈ ಮಾರ್ಗದರ್ಶಿ.

ಅನ್ನ, ತೊಗರಿಬೇಳೆ ಸಾರು, ಹುರುಳಿಕಾಯಿ ಪಲ್ಯ, ಮಜ್ಜಿಗೆ. ಇಬ್ಬರಿಗೆ ಸಾಕಾಗುವ ಊಟ. ಸಾರಿನ ಪುಡಿ ಮೊದಲೇ ಇದ್ದರೆ ಸುಮಾರು ಒಂದು ಗಂಟೆ ಬೇಕು. ಪ್ರತಿ ಹಂತದಲ್ಲಿ ಮೊದಲು ಅಡುಗೆ, ಆಮೇಲೆ ನೋಡಬೇಕಾದ ವಿಷಯ. ಮೊದಲ ಸಲ ಮಾಡುವವರು ಅಡುಗೆ ಭಾಗವನ್ನಷ್ಟೇ ಮಾಡಿ. ಕೈ ಪಳಗಿದ ಮೇಲೆ ಉಳಿದದ್ದಕ್ಕೆ ಬನ್ನಿ. ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ಊಟವೂ ಕೆಡುತ್ತದೆ, ಗಮನವೂ ನಿಲ್ಲುವುದಿಲ್ಲ.

ಬೇಕಾಗುವ ಸಾಮಾನು

ಅನ್ನಕ್ಕೆ: ಸೋನಾ ಮಸೂರಿ ಅಕ್ಕಿ 1 ಕಪ್.

ಸಾರಿಗೆ: ತೊಗರಿಬೇಳೆ ಅರ್ಧ ಕಪ್, ಹಣ್ಣಾದ ಟೊಮೆಟೊ 2, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಸಾರಿನ ಪುಡಿ 2 ಚಿಕ್ಕ ಚಮಚ, ಬೆಲ್ಲ ಒಂದು ಸಣ್ಣ ಚೂರು, ಅರಿಶಿನ ಕಾಲು ಚಮಚ, ಉಪ್ಪು, ಕೊತ್ತಂಬರಿ ಸೊಪ್ಪು.

ಒಗ್ಗರಣೆಗೆ: ತುಪ್ಪ 2 ಚಿಕ್ಕ ಚಮಚ, ಸಾಸಿವೆ ಅರ್ಧ ಚಮಚ, ಜೀರಿಗೆ ಕಾಲು ಚಮಚ, ಇಂಗು ಒಂದು ಚಿಟಿಕೆ, ಬ್ಯಾಡಗಿ ಮೆಣಸಿನಕಾಯಿ 1, ಕರಿಬೇವು ಒಂದು ಎಸಳು.

ಪಲ್ಯಕ್ಕೆ: ಎಳೆ ಹುರುಳಿಕಾಯಿ ಕಾಲು ಕಿಲೋ, ತೆಂಗಿನಕಾಯಿ ತುರಿ 3 ದೊಡ್ಡ ಚಮಚ, ಎಣ್ಣೆ, ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಒಣಮೆಣಸು 2, ಕರಿಬೇವು.

ಮಜ್ಜಿಗೆಗೆ: ಮೊಸರು 1 ಕಪ್, ಒಂದು ಚೂರು ಶುಂಠಿ, ಉಪ್ಪು, ಇಂಗು.

ಇನ್ನೊಂದು ಮಾತು. ಫೋನನ್ನು ಬೇರೆ ಕೋಣೆಯಲ್ಲಿ ಇಡಿ. ಹಾಡೂ ಬೇಡ. ಈ ಒಂದು ಗಂಟೆ ಅಡುಗೆಮನೆಯ ಸದ್ದೇ ಸಾಕು.

ಹಂತ 1: ಸಾರಿನ ಪುಡಿ ಹುರಿಯುವುದು

ಅಂಗಡಿ ಪುಡಿಯಲ್ಲೂ ಸಾರಾಗುತ್ತದೆ. ಆದರೂ ಒಮ್ಮೆಯಾದರೂ ಮನೆಯಲ್ಲಿ ಹುರಿದು ಮಾಡಿ ಅಂತ ಒತ್ತಿ ಹೇಳುತ್ತೇನೆ. ರುಚಿ ಒಂದು ಕಾರಣ. ಈ ಹಂತದಲ್ಲಿ ಕಾಣುವುದು ಬೇರೆಲ್ಲೂ ಇಷ್ಟು ಚೆನ್ನಾಗಿ ಕಾಣುವುದಿಲ್ಲ ಎಂಬುದು ಇನ್ನೊಂದು.

ಕೊತ್ತಂಬರಿ ಬೀಜ ಅರ್ಧ ಕಪ್, ಜೀರಿಗೆ 1 ದೊಡ್ಡ ಚಮಚ, ಕಾಳುಮೆಣಸು 2 ಚಿಕ್ಕ ಚಮಚ, ಮೆಂತ್ಯ ಅರ್ಧ ಚಿಕ್ಕ ಚಮಚ, ಸಾಸಿವೆ ಅರ್ಧ ಚಿಕ್ಕ ಚಮಚ, ಬ್ಯಾಡಗಿ ಮೆಣಸಿನಕಾಯಿ 12ರಿಂದ 15, ಕರಿಬೇವು ಒಂದು ಹಿಡಿ, ಇಂಗು ಕಾಲು ಚಮಚ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಈ ಮೆಣಸಿನಕಾಯಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಸಾರಿಗೆ ಆ ಕೆಂಪು ಬರುವುದು ಇದರಿಂದಲೇ. ಗುಂಟೂರು ಮೆಣಸಿನಕಾಯಿ ಹಾಕುವುದಾದರೆ ಐದಾರು ಸಾಕು.

ದಪ್ಪ ತಳದ ಬಾಣಲೆ ಇಡಿ. ಉರಿ ಸಣ್ಣದಿರಲಿ. ಒಂದೊಂದನ್ನೂ ಬೇರೆ ಬೇರೆಯಾಗಿ ಹುರಿಯಿರಿ, ಯಾಕೆಂದರೆ ಒಂದೊಂದರ ಹದ ಒಂದೊಂದು. ಕೊತ್ತಂಬರಿ ಬೀಜಕ್ಕೆ ನಾಲ್ಕೈದು ನಿಮಿಷ. ಜೀರಿಗೆಗೆ ಒಂದು ನಿಮಿಷವೂ ಬೇಡ. ಮೆಂತ್ಯ ಕೆಂಪಗಾದ ಕೂಡಲೇ ತೆಗೆಯಿರಿ, ಕಪ್ಪಾದರೆ ಇಡೀ ಪುಡಿ ಕಹಿ. ಸಾಸಿವೆ ಸಿಡಿದು ನಿಲ್ಲಲಿ. ಕರಿಬೇವು ಗರಿಗರಿ ಆಗಲಿ. ಮೆಣಸಿನಕಾಯಿಗೆ ಅರ್ಧ ಚಮಚ ಎಣ್ಣೆ ಹಾಕಿ ಹುರಿದರೆ ಘಾಟು ಕಡಿಮೆ, ಅದು ಉಬ್ಬಿ ಹೊಳೆಯುವಾಗ ಇಳಿಸಿ. ಎಲ್ಲ ಪೂರ್ತಿ ಆರಿದ ಮೇಲೆ ಇಂಗು ಸೇರಿಸಿ ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ. ಬಿಸಿಯಾಗಿದ್ದಾಗಲೇ ಪುಡಿ ಮಾಡಿದರೆ ಮುದ್ದೆಯಾಗುತ್ತದೆ.

ಈಗ ನೋಡಬೇಕಾದ್ದು. ಕೊತ್ತಂಬರಿ ಬೀಜ ಹುರಿಯುವಾಗ ಮೊದಲ ಎರಡು ನಿಮಿಷ ಏನೂ ಇಲ್ಲ. ಆಮೇಲೆ ತಟ್ಟನೆ ವಾಸನೆ. ಆ ಕ್ಷಣವನ್ನು ಕಾಯುತ್ತಿರಿ. ಮೊದಲು ಬರುವುದು ಬರೀ ವಾಸನೆ. ಅದಕ್ಕೆ ಹೆಸರಿಲ್ಲ. ಮರುಕ್ಷಣ ‘ಕೊತ್ತಂಬರಿ’ ಎಂಬ ಹೆಸರು ಬರುತ್ತದೆ. ಅದರ ಬೆನ್ನಿಗೆ ಒಂದು ನೆನಪು, ಯಾರದೋ ಮನೆ, ಯಾವುದೋ ಹಬ್ಬ. ಎಲ್ಲ ಆದ ಮೇಲೆ ‘ನಾನು ಚೆನ್ನಾಗಿ ಹುರಿಯುತ್ತಿದ್ದೇನೆ’ ಎಂಬ ಮಾತು. ಈ ನಾಲ್ಕೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ. ಆದ್ದರಿಂದಲೇ ನಾವು ಇವನ್ನು ಒಂದೇ ಅಂದುಕೊಂಡಿರುತ್ತೇವೆ.

ಹುರಿಯುವ ಪದಾರ್ಥ ಏಳು. ಅಂದರೆ ನೋಡಲು ಏಳು ಅವಕಾಶ. ಎಲ್ಲದರಲ್ಲೂ ಹಿಡಿಯಬೇಕೆಂದೇನಿಲ್ಲ. ಒಂದರಲ್ಲಿ ‘ವಾಸನೆ ಮೊದಲು, ನಾನು ಆಮೇಲೆ’ ಎಂದು ಕಂಡರೆ ಈ ಹಂತದ ಕೆಲಸ ಮುಗಿಯಿತು.

ಹಂತ 2: ಅಕ್ಕಿ, ಬೇಳೆ, ಕುಕ್ಕರ್

ಅಕ್ಕಿಯನ್ನು ಎರಡು ಮೂರು ಸಲ ತೊಳೆದು, ಹೊಸ ನೀರಿನಲ್ಲಿ 20 ನಿಮಿಷ ನೆನೆಸಿ. ಆ ನೀರನ್ನು ಬಸಿದು ಎರಡೂವರೆ ಕಪ್ ನೀರು ಹಾಕಿ. ಇನ್ನೊಂದು ಪಾತ್ರೆಯಲ್ಲಿ ತೊಳೆದ ಬೇಳೆ, ಒಂದೂವರೆ ಕಪ್ ನೀರು, ಅರಿಶಿನ, ನಾಲ್ಕು ಹನಿ ಎಣ್ಣೆ. ಎಣ್ಣೆ ಹಾಕಿದರೆ ಬೇಳೆ ನೊರೆ ಉಕ್ಕುವುದು ಕಡಿಮೆ. ಹುಣಸೆ, ಟೊಮೆಟೊ, ಉಪ್ಪು ಈಗಲೇ ಬೇಡ. ಹುಳಿ ಸೇರಿದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ.

ಕುಕ್ಕರಿನ ತಳಕ್ಕೆ ಒಂದು ಲೋಟ ನೀರು ಹಾಕಿ. ಕೆಳಗೆ ಬೇಳೆ, ಮೇಲೆ ಅಕ್ಕಿ. ಮಧ್ಯಮ ಉರಿಯಲ್ಲಿ ನಾಲ್ಕು ವಿಷಲ್. ಆರಿಸಿ, ಆವಿ ತಾನಾಗಿ ಇಳಿಯಲು ಬಿಡಿ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನ ಒಳಗೆ ಒತ್ತಡ ಏರುವುದರಿಂದ ಬಿಸಿ ಸುಮಾರು 120 ಡಿಗ್ರಿ ಮುಟ್ಟುತ್ತದೆ. ಬೇಳೆ ಕರಗುವ ಹಾಗೆ ಬೇಯುವುದು ಅದಕ್ಕೇ.

ಅಕ್ಕಿ ಅಳೆಯುವಾಗ ಒಂದು ಚಿಕ್ಕ ವಿಷಯ ಗಮನಿಸಿ. ಒಂದು ಕಪ್ ಸಾಕು ಅಂತ ಗೊತ್ತಿರುತ್ತದೆ. ಆದರೂ ಕೈ ಇನ್ನೊಂದು ಹಿಡಿ ಹಾಕಲು ಹೋಗುತ್ತದೆ. ಆ ಹಿಡಿ ಯಾರಿಗೆ? ಹೊಟ್ಟೆಗಂತೂ ಅಲ್ಲ, ಹೊಟ್ಟೆಯ ಲೆಕ್ಕ ಆಗಲೇ ಮುಗಿದಿದೆ. ‘ಸಾಲದೆ ಹೋದರೆ?’ ಎಂಬ ಒಂದು ಅಂಜಿಕೆ ಒಳಗಿಂದ ಮಾತಾಡುತ್ತಿರುತ್ತದೆ. ಅದೂ ‘ನಾನು’ ಬರುವ ಒಂದು ದಾರಿ.

12ನೇ ಶತಮಾನದ ಕಲ್ಯಾಣದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕತೆ ನಮಗೆಲ್ಲ ಗೊತ್ತು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಜಾಸ್ತಿ ತಂದ. ‘ಈಸಕ್ಕಿಯಾಸೆ ನಿಮಗೇಕೆ’ ಎಂದು ಲಕ್ಕಮ್ಮ ಕೇಳಿದಳು, ಜಾಸ್ತಿ ತಂದದ್ದನ್ನು ಅಲ್ಲೇ ಸುರಿದು ಬರಲು ಹೇಳಿದಳು. ಈ ಕತೆಯನ್ನು ತ್ಯಾಗದ ಕತೆ ಅಂತ ಹೇಳುವುದು ವಾಡಿಕೆ. ನನಗೆ ಅದು ಗಮನದ ಕತೆಯಾಗಿಯೂ ಕಾಣುತ್ತದೆ. ಮೊರದಲ್ಲಿದ್ದ ಅಕ್ಕಿಯ ಅಳತೆ ನೋಡಿಯೇ ಗಂಡನ ಮನಸ್ಸಿನಲ್ಲಿ ಏನಾಯಿತು ಎಂದು ಅವಳು ಕಂಡುಕೊಂಡಳು.

ಹಂತ 3: ಹೆಚ್ಚುವುದು

ಕುಕ್ಕರ್ ಕೂಗುವಷ್ಟರಲ್ಲಿ ಹುರುಳಿಕಾಯಿ ಹೆಚ್ಚಿ. ತುದಿ, ನಾರು ತೆಗೆದು, ನಾಲ್ಕೈದನ್ನು ಜೋಡಿಸಿ ಹಿಡಿದು ಸಣ್ಣಗೆ ಹೆಚ್ಚಿ. ಚೂರುಗಳು ಒಂದೇ ಗಾತ್ರ ಇದ್ದರೆ ಒಟ್ಟಿಗೆ ಬೇಯುತ್ತವೆ. ಈಳಿಗೆಮಣೆ ಅಭ್ಯಾಸ ಇದ್ದವರಿಗೆ ಅದೇ ಚೆನ್ನ. ಚಾಕುವಾದರೆ ಹಿಡಿಯುವ ಕೈಯ ಬೆರಳ ತುದಿ ಒಳಕ್ಕೆ ಮಡಚಿರಲಿ. ಟೊಮೆಟೊ ದಪ್ಪ ದಪ್ಪ ಹೆಚ್ಚಿದರೂ ಸಾಕು. ಹುಣಸೆಯನ್ನು ಅರ್ಧ ಕಪ್ ಬಿಸಿ ನೀರಿನಲ್ಲಿ ನೆನೆಹಾಕಿ.

ಹೆಚ್ಚುವ ಕೆಲಸ ಒಂದೇ ತರ ಸಾಗುತ್ತದೆ. ಅದಕ್ಕೇ ಮನಸ್ಸು ಇಲ್ಲಿಂದ ಎದ್ದು ಹೋಗುತ್ತದೆ. ನಿನ್ನೆ ಯಾರೋ ಅಂದ ಮಾತು, ನಾಳೆಯ ಕೆಲಸ, ಬ್ಯಾಂಕಿನ ಕಂತು. ಮನಸ್ಸು ಅಲೆಯುವಾಗ ಅದು ಹೆಚ್ಚಾಗಿ ಅಲೆಯುವುದು ‘ನಾನು’ ಎಂಬುದರ ಸುತ್ತ. ನನಗೆ ಹೀಗಂದರು, ನಾನು ಹೀಗೆ ಹೇಳಬೇಕಿತ್ತು. ಅಮೆರಿಕದ ನರವಿಜ್ಞಾನಿ ಮಾರ್ಕಸ್ ರೈಕಲ್ ಮತ್ತು ಅವರ ಜೊತೆಗಾರರು 2001ರಲ್ಲಿ ಮಿದುಳಿನ ಒಂದು ಜಾಲದ ಬಗ್ಗೆ ಬರೆದರು. ಹೊರಗಿನ ಕೆಲಸದಲ್ಲಿ ತೊಡಗಿದಾಗ ಆ ಜಾಲದ ಚಟುವಟಿಕೆ ಇಳಿಯುತ್ತದೆ, ಸುಮ್ನೆ ಇದ್ದಾಗ ಏರುತ್ತದೆ. ತನ್ನ ಬಗ್ಗೆ ಯೋಚಿಸುವಾಗ, ಹಳೆಯದನ್ನು ನೆನೆಯುವಾಗ ಈ ಜಾಗಗಳೇ ಚುರುಕಾಗುತ್ತವೆ ಎಂದು ಆಮೇಲಿನ ಸಂಶೋಧನೆಗಳು ತೋರಿಸಿವೆ.

ಅಭ್ಯಾಸ ಹೀಗೆ. ಮನಸ್ಸು ಅಲೆದಾಗ ಬೈದುಕೊಳ್ಳಬೇಡಿ. ‘ಎಲ್ಲಿ ಹೋಗಿತ್ತು?’ ಎಂದು ಒಮ್ಮೆ ನೋಡಿ. ಮತ್ತೆ ಚಾಕುವಿನ ಸದ್ದಿಗೆ ಬನ್ನಿ. ಒಂದು ಸಂಗತಿ ಅಚ್ಚರಿ ಹುಟ್ಟಿಸುತ್ತದೆ. ಅಲೆದಾಟ ಶುರುವಾದದ್ದು ಗೊತ್ತಾಗುವುದೇ ಇಲ್ಲ, ಮುಗಿದದ್ದು ಮಾತ್ರ ಗೊತ್ತಾಗುತ್ತದೆ. ಆ ನಡುವೆ ಕೈ ತಾನೇ ತಾನಾಗಿ ಹತ್ತು ಹುರುಳಿಕಾಯಿ ಹೆಚ್ಚಿ ಮುಗಿಸಿರುತ್ತದೆ. ಹೆಚ್ಚಿದ್ದು ಯಾರು?

ತಿರುವಣ್ಣಾಮಲೆಯ ರಮಣ ಮಹರ್ಷಿಗಳು ‘ನಾನು ಯಾರು’ ಎಂಬ ಒಂದೇ ಪ್ರಶ್ನೆಯನ್ನು ಬಂದವರಿಗೆಲ್ಲ ಕೊಟ್ಟವರು. ಅವರೇ ವರ್ಷಗಟ್ಟಲೆ ಆಶ್ರಮದ ಅಡುಗೆಮನೆಯಲ್ಲಿ ಬೆಳಗಿನ ಜಾವ ತರಕಾರಿ ಹೆಚ್ಚುತ್ತಿದ್ದರು, ಚಟ್ನಿ ರುಬ್ಬುತ್ತಿದ್ದರು. ಒಂದು ಕಾಳು ಹಾಳಾದರೂ ಅವರಿಗೆ ಸರಿಬರುತ್ತಿರಲಿಲ್ಲ. ಆ ಪ್ರಶ್ನೆಗೂ ಈ ಕೆಲಸಕ್ಕೂ ಅವರು ಗೋಡೆ ಕಟ್ಟಿರಲಿಲ್ಲ. ನನಗೆ ಅವರಲ್ಲಿ ತುಂಬಾ ಇಷ್ಟವಾಗುವುದು ಇದೇ.

ಹಂತ 4: ಪಲ್ಯ

ಬಾಣಲೆಯಲ್ಲಿ 2 ಚಿಕ್ಕ ಚಮಚ ಎಣ್ಣೆ. ಸಾಸಿವೆ ಸಿಡಿದ ಮೇಲೆ ಒಂದೊಂದು ಚಮಚ ಉದ್ದಿನಬೇಳೆ, ಕಡಲೆಬೇಳೆ. ಅವು ಕೆಂಪಗಾದಾಗ ಮುರಿದ ಒಣಮೆಣಸು, ಕರಿಬೇವು. ಹುರುಳಿಕಾಯಿ ಹಾಕಿ ಎರಡು ನಿಮಿಷ ಬಾಡಿಸಿ. ಕಾಲು ಕಪ್ ನೀರು ಚಿಮುಕಿಸಿ, ಅರ್ಧ ಚಮಚ ಉಪ್ಪು ಹಾಕಿ, ಮುಚ್ಚಿ. ಸಣ್ಣ ಉರಿಯಲ್ಲಿ ಎಂಟರಿಂದ ಹತ್ತು ನಿಮಿಷ. ನೀರು ಇಂಗಿದ ಮೇಲೆ ಕಾಯಿತುರಿ ಸೇರಿಸಿ, ಒಮ್ಮೆ ಕೈಯಾಡಿಸಿ ಇಳಿಸಿ. ಮುಚ್ಚಿಟ್ಟ ಹತ್ತು ನಿಮಿಷ ಸುಮ್ನೆ ನಿಲ್ಲಿ. ಇಲ್ಲಿ ನೋಡಲು ವಿಶೇಷ ಏನೂ ಇಲ್ಲ, ಹಸಿವೊಂದನ್ನು ಬಿಟ್ಟು.

ಹಸಿವು ಅಂದಾಗ ಛಾಂದೋಗ್ಯ ಉಪನಿಷತ್ತಿನ ಶ್ವೇತಕೇತು ನೆನಪಾಗುತ್ತಾನೆ. 12ನೇ ವಯಸ್ಸಿಗೆ ಗುರುಗಳ ಬಳಿ ಹೋಗಿ, 24ಕ್ಕೆ ಎಲ್ಲ ಓದಿ ಬಂದವನು. ಓದಿದ್ದೇನೆ ಎಂಬ ಬಿಂಕವೂ ಅವನ ಜೊತೆ ಬಂದಿತ್ತು. ಅಪ್ಪ ಉದ್ದಾಲಕ ಹೇಳಿದ: ಮನಸ್ಸು ಅನ್ನದಿಂದ ಆದದ್ದು. ಬೇಕಾದರೆ ನೋಡು, 15 ದಿನ ಊಟ ಬಿಡು, ನೀರು ಮಾತ್ರ ಕುಡಿ. ಹುಡುಗ ಹಾಗೇ ಮಾಡಿದ. 16ನೇ ದಿನ ವೇದ ಹೇಳು ಅಂದರೆ ಒಂದೂ ನೆನಪಿಗೆ ಬರಲಿಲ್ಲ. ಉಂಡು ಬಂದ ಮೇಲೆ ಎಲ್ಲ ನೆನಪಾಯಿತು. ಇದನ್ನು ನೀವು ಮಾಡಿ ನೋಡಬೇಡಿ. ಊಟ ಅರ್ಧ ಗಂಟೆ ತಡವಾದರೆ ನಮ್ಮ ಮಾತು ಎಷ್ಟು ಒರಟಾಗುತ್ತದೆ ಎಂದು ನೋಡಿದರೆ ಸಾಕು. ‘ನನ್ನ ಸ್ವಭಾವ’ ಅಂತ ನಾವು ಕರೆಯುವುದರಲ್ಲಿ ಒಂದು ಪಾಲು ಬರೀ ಹೊಟ್ಟೆಯ ಸ್ಥಿತಿ.

ಹಂತ 5: ಸಾರು ಕುದಿಸುವುದು

ಬೆಂದ ಬೇಳೆಯನ್ನು ಸೌಟಿನ ಹಿಂಬದಿಯಿಂದ ಚೆನ್ನಾಗಿ ಮಸೆಯಿರಿ. ಹುಣಸೆ ಕಿವುಚಿ ರಸ ತೆಗೆದಿಡಿ. ಪಾತ್ರೆಯಲ್ಲಿ ಟೊಮೆಟೊ, ಅರ್ಧ ಕಪ್ ನೀರು ಹಾಕಿ ಮೆತ್ತಗೆ ಬೇಯಿಸಿ. ಹುಣಸೆ ರಸ ಸೇರಿಸಿ ಐದು ನಿಮಿಷ ಕುದಿಸಿ, ಹುಣಸೆಯ ಹಸಿ ವಾಸನೆ ಹೋಗಬೇಕು. ಆಮೇಲೆ ಸಾರಿನ ಪುಡಿ, ಬೆಲ್ಲ. ಎರಡು ನಿಮಿಷ ಬಿಟ್ಟು ಬೇಳೆ, ಎರಡೂವರೆ ಕಪ್ ನೀರು. ಈ ಸಾರು ತೆಳ್ಳಗಿರಬೇಕು, ಹುಳಿಯಷ್ಟು ಗಟ್ಟಿ ಆಗಬಾರದು. ಒಂದು ಚಿಕ್ಕ ಚಮಚ ಉಪ್ಪು. ನೊರೆ ಎದ್ದು ಪಾತ್ರೆಯ ಅಂಚಿಗೆ ಬಂದಾಗ ಉರಿ ತಗ್ಗಿಸಿ, ಇನ್ನೈದು ನಿಮಿಷ ಬಿಡಿ.

ಈಗ ಪಾತ್ರೆಯೊಳಗೆ ನೋಡಿ. ಸಾರು ಎಲ್ಲಿದೆ? ಬೇಳೆ ಸಾರಲ್ಲ. ಹುಣಸೆ ರಸ ಸಾರಲ್ಲ. ಟೊಮೆಟೊ, ಪುಡಿ, ನೀರು, ಯಾವುದೂ ಒಂಟಿಯಾಗಿ ಸಾರಲ್ಲ. ಇವನ್ನೆಲ್ಲ ತೆಗೆದರೆ ಉಳಿಯುವ ಇನ್ನೊಂದು ‘ಸಾರು’ ಅಂತ ಏನೂ ಇಲ್ಲ. ಆದರೂ ಸಾರಂತೂ ಇದೆ, ಇನ್ನು ಸ್ವಲ್ಪ ಹೊತ್ತಿಗೆ ಅದನ್ನೇ ಅನ್ನಕ್ಕೆ ಕಲಸಿಕೊಳ್ಳುತ್ತೇವೆ.

ನಾಗಸೇನ ಭಿಕ್ಷು ಮಿಲಿಂದ ರಾಜನಿಗೆ ಇದನ್ನೇ ರಥ ತೋರಿಸಿ ಹೇಳಿದ. ಮಿಲಿಂದ ಅಂದರೆ ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ವಾಯವ್ಯ ಭಾರತವನ್ನು ಆಳಿದ ಗ್ರೀಕ್ ಮೂಲದ ದೊರೆ ಮೆನಾಂಡರ್. ‘ನಾಗಸೇನ ಅಂತ ಯಾರೂ ಇಲ್ಲ, ಅದು ಬರೀ ಹೆಸರು’ ಎಂದು ಭಿಕ್ಷು ಅಂದಾಗ ರಾಜ ಒಪ್ಪಲಿಲ್ಲ. ಹಾಗಾದರೆ ನೀನು ಬಂದ ರಥ ಯಾವುದು, ಗಾಲಿಯೇ, ಅಚ್ಚೇ, ನೊಗವೇ ಎಂದು ಭಿಕ್ಷು ಕೇಳಿದ. ಎಲ್ಲಕ್ಕೂ ಅಲ್ಲ ಅನ್ನುತ್ತಾ ಹೋದ ರಾಜ, ಕೊನೆಗೆ ಇವೆಲ್ಲ ಸೇರಿದಾಗ ‘ರಥ’ ಎಂಬ ಹೆಸರು ಹತ್ತುತ್ತದೆ ಎಂದು ಒಪ್ಪಿದ. ‘ನಾನು’ ಎಂಬುದೂ ಹಾಗೇ ಅಂತ ಬೌದ್ಧರು ಹೇಳುತ್ತಾರೆ. ಮೈ, ಸಂವೇದನೆ, ನೆನಪು, ಆಸೆ, ಅರಿವು ಸೇರಿದ ಕಡೆ ಹತ್ತುವ ಹೆಸರು. 18ನೇ ಶತಮಾನದ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಕೂಡ ಬೇರೆ ದಾರಿಯಿಂದ ಇದರ ಹತ್ತಿರಕ್ಕೇ ಬಂದ. ಒಳಗೆ ಹುಡುಕಿದಾಗಲೆಲ್ಲ ಅವನಿಗೆ ಸಿಕ್ಕಿದ್ದು ಬಿಸಿ, ತಂಪು, ನೋವು, ನಲಿವು. ಅವನ್ನು ಬಿಟ್ಟು ‘ನಾನು’ ಸಿಗಲಿಲ್ಲ.

ಈಗ ಉಪ್ಪು ನೋಡಿ. ಅಂದರೆ ರುಚಿ ನೋಡಿ. ಅರ್ಧ ಸೌಟು ಸಾರನ್ನು ಚಿಕ್ಕ ಬಟ್ಟಲಿಗೆ ಹಾಕಿ, ಆರಿಸಿ, ನಾಲಿಗೆಗೆ ಬಿಡಿ. ತುಂಬಾ ಬಿಸಿ ಇದ್ದಾಗ ಉಪ್ಪು ಸರಿಯಾಗಿ ತಿಳಿಯುವುದಿಲ್ಲ.

ಉಪ್ಪಿನ ಪಾಠ ಮತ್ತೆ ಉದ್ದಾಲಕನದೇ. ರಾತ್ರಿ ನೀರಿಗೆ ಉಪ್ಪು ಹಾಕಿಡು ಅಂದ. ಬೆಳಿಗ್ಗೆ ಆ ಉಪ್ಪು ತಂದು ಕೊಡು ಅಂದ. ಕರಗಿ ಹೋಗಿತ್ತು, ಸಿಗಲಿಲ್ಲ. ಮೇಲಿನಿಂದ ಗುಟುಕರಿಸು, ನಡುವಿನಿಂದ, ತಳದಿಂದ. ಎಲ್ಲ ಕಡೆ ಉಪ್ಪೇ. ಕಣ್ಣಿಗೆ ಕಾಣದಿದ್ದರೂ ಎಲ್ಲದರಲ್ಲೂ ಇರುವುದು ಒಂದಿದೆ, ಅದೇ ನೀನು ಎಂದು ಅವನು ಮಗನಿಗೆ ಹೇಳಿದ. ‘ತತ್ ತ್ವಮ್ ಅಸಿ’ ಎಂಬ ಮಾತು ಬರುವುದು ಅಲ್ಲಿ.

ಹೀಗೆ ಒಂದೇ ಪಾತ್ರೆಯಲ್ಲಿ ಎರಡು ವಾದಗಳು ಕುದಿಯುತ್ತಿವೆ. ಭಾಗಗಳನ್ನು ಬಿಟ್ಟು ಬೇರೇನೂ ಇಲ್ಲ ಎಂದು ನಾಗಸೇನ. ಎಲ್ಲ ಭಾಗಗಳಲ್ಲೂ ಹಬ್ಬಿರುವುದು ಒಂದಿದೆ ಎಂದು ಉದ್ದಾಲಕ. ನಮ್ಮ ನಾಡಿನಲ್ಲಿ ಇವರ ಕಡೆಯವರು ಸಾವಿರಕ್ಕೂ ಹೆಚ್ಚು ವರ್ಷ ಜಗಳವಾಡಿದ್ದಾರೆ. ಒಂದು ಸೌಟು ಸಾರಿನಿಂದ ಆ ಜಗಳ ತೀರುವುದಿಲ್ಲ. ಆದರೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಹೆಸರು, ಊರು, ಕೋಪ, ಹೆಮ್ಮೆ ಹೊತ್ತ ‘ನಾನು’ ವಿಷಯದಲ್ಲಿ ನಾಗಸೇನನ ಮಾತು ಸರಿ. ಹುಡುಕಿದಷ್ಟೂ ಅದು ಬಿಡಿಬಿಡಿಯಾಗುತ್ತದೆ. ಆದರೆ ರುಚಿ ‘ಗೊತ್ತಾಗುವುದು’ ಅಂತ ಒಂದಿದೆಯಲ್ಲ, ಅದನ್ನು ಹಾಗೆ ಬಿಡಿಸಿ ಇಡಲು ನನಗೆ ಆಗಿಲ್ಲ. ಅಲ್ಲಿ ಉದ್ದಾಲಕನ ಪ್ರಶ್ನೆ ಎದುರಿಗೇ ನಿಲ್ಲುತ್ತದೆ.

ಇವತ್ತಿನ ವಿಜ್ಞಾನಕ್ಕೂ ಅದು ಬಗೆಹರಿದಿಲ್ಲ. ಉಪ್ಪಿನ ಸೋಡಿಯಂ ನಾಲಿಗೆಯ ರುಚಿಕೋಶಗಳಿಗೆ ಇಳಿಯುತ್ತದೆ, ನರದ ಮೂಲಕ ಸುದ್ದಿ ಮಿದುಳಿಗೆ ಹೋಗುತ್ತದೆ. ಇಷ್ಟನ್ನು ವಿವರಿಸಬಹುದು. ಆ ಸುದ್ದಿ ತಲುಪಿದಾಗ ‘ಉಪ್ಪು’ ಎಂಬ ಅನುಭವ ಯಾಕೆ ಆಗಬೇಕು? ಏನೂ ಅನ್ನಿಸದೆಯೇ ಕೆಲಸ ನಡೆಯಬಹುದಿತ್ತಲ್ವಾ? ಆಸ್ಟ್ರೇಲಿಯಾದ ತತ್ವಜ್ಞಾನಿ ಡೇವಿಡ್ ಚಾಲ್ಮರ್ಸ್ 1995ರಲ್ಲಿ ಇದನ್ನು ಪ್ರಜ್ಞೆಯ ‘ಕಠಿಣ ಸಮಸ್ಯೆ’ ಎಂದು ಕರೆದರು.

ಅಭ್ಯಾಸಕ್ಕೆ ಒಂದು ದಾರಿ. ರುಚಿ ನೋಡುವಾಗ ಮೂರು ಗುಟುಕು ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಉಪ್ಪು, ಹುಳಿ, ಖಾರ, ಸಿಹಿ ಒಂದೊಂದನ್ನೇ ಬೇರೆ ಮಾಡಿ ನೋಡಿ. ಎರಡನೆಯದರಲ್ಲಿ ಒಟ್ಟು ರುಚಿಯನ್ನು ನೋಡಿ. ಮೂರನೆಯದರಲ್ಲಿ ರುಚಿ ಬಿಟ್ಟು, ‘ರುಚಿ ಗೊತ್ತಾಗುತ್ತಿದೆ’ ಎಂಬುದರ ಕಡೆ ತಿರುಗಿ. ಮೂರನೆಯದು ಮೊದಮೊದಲು ಕೈಗೆ ಸಿಗುವುದಿಲ್ಲ. ಒತ್ತಾಯ ಮಾಡಬೇಡಿ. ಆಮೇಲೆ ಉಪ್ಪು ಬೇಕಿದ್ದರೆ ಹಾಕಿ.

ಹಂತ 6: ಒಗ್ಗರಣೆ

ಇದು ಒಂದು ನಿಮಿಷದ ಕೆಲಸ. ಎಲ್ಲ ಸಾಮಾನು ಕೈಗೆ ಸಿಗುವ ಹಾಗೆ ಮೊದಲೇ ಜೋಡಿಸಿಕೊಳ್ಳಿ. ಒಗ್ಗರಣೆ ಸೌಟಿನಲ್ಲಿ ತುಪ್ಪ ಕಾಯಲಿ. ಒಂದು ಸಾಸಿವೆ ಕಾಳು ಹಾಕಿ ನೋಡಿ, ಅದು ಸಿಡಿದರೆ ಉಳಿದದ್ದು ಹಾಕಿ. ಕಾಳಿನೊಳಗಿನ ತೇವ ಆವಿಯಾಗಿ ಸಿಪ್ಪೆ ಒಡೆಯುವುದರಿಂದ ಸಾಸಿವೆ ಸಿಡಿಯುತ್ತದೆ. ತುಪ್ಪ ಕಾದಿಲ್ಲದಿದ್ದರೆ ಸಿಡಿಯದೆ ಸುಮ್ನೆ ಕೂತು ಕಹಿಯಾಗುತ್ತದೆ. ಸಿಡಿತ ನಿಲ್ಲುವ ಹೊತ್ತಿಗೆ ಜೀರಿಗೆ, ಮೆಣಸಿನಕಾಯಿ, ಇಂಗು. ಉರಿ ಆರಿಸಿ ಕರಿಬೇವು. ಕೂಡಲೇ ಸಾರಿಗೆ ಸುರಿದು ಮುಚ್ಚಿ. ಎರಡು ನಿಮಿಷ ಬಿಟ್ಟು ಕೊತ್ತಂಬರಿ ಸೊಪ್ಪು.

ಕರಿಬೇವು ಬಿದ್ದಾಗ ತುಪ್ಪ ಸಿಡಿಯುತ್ತದೆ, ಕೈ ಹಿಂದೆ ಹೋಗುತ್ತದೆ. ಇಲ್ಲಿ ಆಗುವುದು ಬಹಳ ಬೆಲೆಯುಳ್ಳದ್ದು. ಬಿಸಿ ತಾಗಿದಾಗ ಕೈ ಎಳೆಯುವ ಆಜ್ಞೆ ಬೆನ್ನುಹುರಿಯಿಂದಲೇ ಬರುತ್ತದೆ. ಉರಿ ನಮಗೆ ಗೊತ್ತಾಗುವ ಮೊದಲೇ ಕೈ ಸರಿದಾಗಿರುತ್ತದೆ. ಆದರೂ ನಾವು ಹೇಳುವುದು ‘ಬಿಸಿ ತಾಗಿತು, ಅದಕ್ಕೆ ಕೈ ಎಳೆದುಕೊಂಡೆ’ ಎಂದು. ಆದ ಕೆಲಸದ ಮೇಲೆ ‘ನಾನು’ ಆಮೇಲೆ ಬಂದು ಸಹಿ ಹಾಕುತ್ತದೆ. ಪುಡಿ ಹುರಿಯುವಾಗ ವಾಸನೆಯ ವಿಷಯದಲ್ಲಿ ಕಂಡದ್ದೇ ಇಲ್ಲಿ ಕೆಲಸದ ವಿಷಯದಲ್ಲೂ ಕಾಣುತ್ತದೆ. ಬೇಕೆಂದು ಕೈ ಸುಟ್ಟುಕೊಳ್ಳಬೇಡಿ. ಅದು ತಾನಾಗಿ ಆಗುತ್ತದೆ, ಆದಾಗ ಆ ವಾಕ್ಯ ಹೇಗೆ ಕಟ್ಟಿಕೊಂಡಿತು ಎಂದು ನೋಡಿ.

ಇನ್ನೊಂದು. ಹತ್ತು ನಿಮಿಷ ಕಳೆದರೆ ಇಂಗಿನ ವಾಸನೆ ನಿಮಗೆ ಗೊತ್ತಾಗುವುದು ನಿಲ್ಲುತ್ತದೆ. ಹೊರಗಿಂದ ಬಂದವರು ‘ಏನು ಘಮ ಘಮ!’ ಅನ್ನುತ್ತಾರೆ. ವಾಸನೆ ಅಲ್ಲೇ ಇದೆ, ನಿಮ್ಮ ಅನುಭವದಲ್ಲಿ ಮಾತ್ರ ಇಲ್ಲ. ದಿನವೂ ಜೊತೆಗಿರುವ ಎಷ್ಟು ಸಂಗತಿಗಳು ಹೀಗೆ ನಮ್ಮ ಪಾಲಿಗೆ ಇಲ್ಲವಾಗಿವೆ! ಐದು ನಿಮಿಷ ಹೊರಗೆ ಗಾಳಿಗೆ ನಿಂತು ಒಳಗೆ ಬನ್ನಿ, ಘಮ ಮತ್ತೆ ಸಿಗುತ್ತದೆ.

ಅಷ್ಟರಲ್ಲಿ ಮೊಸರಿಗೆ ಎರಡು ಕಪ್ ನೀರು ಹಾಕಿ ಕಡೆದು, ಜಜ್ಜಿದ ಶುಂಠಿ, ಉಪ್ಪು, ಚೂರು ಇಂಗು ಸೇರಿಸಿ. ಮಜ್ಜಿಗೆ ಆಯಿತು.

ಹಂತ 7: ಬಡಿಸುವುದು, ಉಣ್ಣುವುದು

ಬಿಸಿ ಅನ್ನದ ಮೇಲೆ ಸಾರು, ಪಕ್ಕದಲ್ಲಿ ಪಲ್ಯ. ಕೈಯಲ್ಲೇ ಕಲಸಿ. ಬಿಸಿ ಬೆರಳಿಗೆ ತಿಳಿಯುತ್ತದೆ, ನಾಲಿಗೆ ಸುಡುವುದಿಲ್ಲ.

ಮೊದಲ ತುತ್ತಿಗೆ ಒಂದು ಚಿಕ್ಕ ಪ್ರಯೋಗ. ಮೂಗು ಹಿಡಿದುಕೊಂಡು ಒಂದು ಚಮಚ ಸಾರು ಕುಡಿಯಿರಿ. ಹುಳಿ, ಉಪ್ಪು, ಖಾರ ಇರುತ್ತದೆ, ಸಾರು ಇರುವುದಿಲ್ಲ. ಮೂಗು ಬಿಡಿ. ಇಂಗು, ಜೀರಿಗೆ, ತುಪ್ಪ ಎಲ್ಲ ಒಮ್ಮೆಗೇ ಬರುತ್ತವೆ. ನಾವು ನಾಲಿಗೆಯ ರುಚಿ ಅಂದುಕೊಂಡದ್ದರಲ್ಲಿ ಬಹುಪಾಲು ಬಾಯಿಯ ಹಿಂದಿನಿಂದ ಮೂಗಿಗೆ ಏರುವ ವಾಸನೆ. ಆದರೆ ಅನುಭವದಲ್ಲಿ ಅದು ನಾಲಿಗೆಯ ಮೇಲೇ ಇದ್ದಂತೆ ಇರುತ್ತದೆ. ಮನಸ್ಸು ಅದನ್ನು ಅಲ್ಲಿ ಕೂರಿಸಿರುತ್ತದೆ.

ಖಾರದ ಕತೆಯೂ ಇಂಥದ್ದೇ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ಪದಾರ್ಥ ನಾಲಿಗೆಯಲ್ಲಿ ಮುಟ್ಟುವುದು ಬಿಸಿಯನ್ನು ಗುರುತಿಸುವ ಗ್ರಾಹಕವನ್ನು. ಸುಮಾರು 43 ಡಿಗ್ರಿ ದಾಟಿದ ಬಿಸಿಗೆ ತೆರೆದುಕೊಳ್ಳುವ ಗ್ರಾಹಕ ಅದು. 1997ರಲ್ಲಿ ಅದನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಅಂದರೆ ಖಾರ ತಿಂದಾಗ ಬಾಯಿ ಉರಿಯುತ್ತದೆ ಅನ್ನುವುದು ಅಲಂಕಾರದ ಮಾತಲ್ಲ, ನರಗಳು ಕಳಿಸುವ ಸುದ್ದಿಯೇ ಉರಿಯದು. ಸುಡುವ ಸಾರು ಇನ್ನೂ ಖಾರ ಅನ್ನಿಸುವುದು ಇದಕ್ಕೇ.

ಜೊತೆಗೆ ಉಣ್ಣುವವರು ಇದ್ದರೆ ಕೊನೆಯ ಅಭ್ಯಾಸ ಸಿಗುತ್ತದೆ. ‘ಸಾರು ತುಂಬಾ ಚೆನ್ನಾಗಿದೆ’ ಅಂತ ಅವರು ಹೇಳಿದಾಗ ಎದೆಯಲ್ಲಿ ಏನೋ ಅರಳುತ್ತದೆ. ‘ಉಪ್ಪು ಜಾಸ್ತಿಯಾಯ್ತು’ ಅಂದಾಗ ಏನೋ ಮುದುಡುತ್ತದೆ. ಮಾತು ಸಾರಿನ ಬಗ್ಗೆ, ಅರಳುವುದು ಮುದುಡುವುದು ‘ನಾನು’. ಇಡೀ ಗಂಟೆಯಲ್ಲಿ ಅದು ಇಷ್ಟು ಸ್ಪಷ್ಟವಾಗಿ ಕಾಣುವ ಕ್ಷಣ ಇನ್ನೊಂದಿಲ್ಲ. ಅದನ್ನು ತಡೆಯಲು ಹೋಗಬೇಡಿ. ಮೈಯಲ್ಲಿ ಎಲ್ಲಿ ಆಗುತ್ತಿದೆ, ಗಂಟಲಲ್ಲೋ ಕೆನ್ನೆಯಲ್ಲೋ, ಎಷ್ಟು ಹೊತ್ತು ಉಳಿಯುತ್ತದೆ, ಅಷ್ಟು ನೋಡಿ. ಹೊಗಳಿದವರಿಗೆ ಸಂತೋಷ ಅಂತ ಹೇಳಿ. ಉಪ್ಪು ಜಾಸ್ತಿ ಅಂದವರಿಗೆ ಇನ್ನಷ್ಟು ಅನ್ನ ಬಡಿಸಿ.

ಎಡವಟ್ಟಾದರೆ

ಉಪ್ಪು ಜಾಸ್ತಿಯಾದರೆ ಬೆಂದ ಬೇಳೆ, ನೀರು ಸೇರಿಸಿ ಮತ್ತೆ ಕುದಿಸಿ. ಹುಳಿ ಜಾಸ್ತಿಯಾದರೆ ಬೆಲ್ಲ. ಖಾರ ಜಾಸ್ತಿಯಾದರೆ ತುಪ್ಪ. ಕ್ಯಾಪ್ಸೈಸಿನ್ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ, ಆದ್ದರಿಂದ ನೀರು ಕುಡಿದು ಪ್ರಯೋಜನವಿಲ್ಲ. ಬೇಳೆ ಬೇಯದೆ ಉಳಿದಿದ್ದರೆ ಹುಣಸೆ ರಸಕ್ಕೆ ಸೇರಿಸುವ ಮೊದಲೇ ಇನ್ನೆರಡು ವಿಷಲ್ ಕೊಡಿ. ಒಗ್ಗರಣೆ ಸೀದರೆ ಚೆಲ್ಲಿ, ಹೊಸದು ಮಾಡಿ. ಸೀದದ್ದಕ್ಕೆ ಪರಿಹಾರ ಇಲ್ಲ.

ನೋಡುವ ಅಭ್ಯಾಸದಲ್ಲೂ ಎಡವಟ್ಟು ಇವೆ. ಎಲ್ಲ ಹಂತದಲ್ಲೂ ಎಲ್ಲವನ್ನೂ ನೋಡಲು ಹೋದರೆ ತಲೆ ಬಿಸಿಯಾಗುತ್ತದೆ. ಒಂದು ಅಡುಗೆಗೆ ಒಂದು ಹಂತ ಸಾಕು. ಈ ವಾರ ಬರೀ ಹೆಚ್ಚುವುದು, ಮುಂದಿನ ವಾರ ಬರೀ ಉಪ್ಪು ನೋಡುವುದು. ‘ನಾನು ಎಷ್ಟು ಚೆನ್ನಾಗಿ ಗಮನಿಸುತ್ತಿದ್ದೇನೆ’ ಎಂಬ ಯೋಚನೆ ಬಂದರೆ ಅದನ್ನೂ ಇನ್ನೊಂದು ಯೋಚನೆ ಅಂತಲೇ ಎಣಿಸಿ. ಮನೆಯಲ್ಲಿ ಮಕ್ಕಳ ಗಲಾಟೆ, ಸಮಯದ ಒತ್ತಡ ಇರುವ ದಿನ ಅಡುಗೆ ಮಾತ್ರ ಮಾಡಿ. ನೋಡುತ್ತಾ ನೋಡುತ್ತಾ ಮನಸ್ಸಿಗೆ ದಿಗಿಲು ಅಥವಾ ಎಲ್ಲವೂ ದೂರವಾದ ಹಾಗೆ ಅನ್ನಿಸಿದರೆ ಅಭ್ಯಾಸ ಬಿಟ್ಟು, ಯಾರಾದರೂ ಹತ್ತಿರದವರ ಜೊತೆ ಮಾತಾಡುತ್ತಾ ಅಡುಗೆ ಮಾಡಿ. ಹಾಗೆ ಅನ್ನಿಸುವುದು ಮುಂದುವರಿದರೆ ವೈದ್ಯರಿಗೆ ಹೇಳಿ.

ಉಳಿದ ಸಾರನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಕುದಿಸಿ ಉಣ್ಣಿ, ಪುಡಿ ಚೆನ್ನಾಗಿ ಹಿಡಿದು ರುಚಿ ಇನ್ನೂ ಏರಿರುತ್ತದೆ. ಸಾರಿನ ಪುಡಿಯನ್ನು ಒಣಗಿದ ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಒದ್ದೆ ಚಮಚ ತಾಗದಿದ್ದರೆ ಎರಡು ತಿಂಗಳು ಘಮ ಉಳಿಯುತ್ತದೆ.